ಮೇಷ್ಟ್ರು ಒಪ್ಪದ ಪೆಟ್ಟಿಗೆಗಳು

ಮೇಷ್ಟ್ರ ಕೆಳತುಟಿಯ ನಡುವೆ ಒಂದು ಚಪ್ಪಟೆ ಗುರುತಿತ್ತು. ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚಿಕೊಂಡು, ನುಣುಪಾಗಿ, ಬೆಳಕಿಗೆ ತಿರುಗಿದಾಗ ಹೊಳೆಯುತ್ತಿತ್ತು. ಹುಡುಗನಾಗಿದ್ದಾಗಿನಿಂದ ಕೊಳಲು ಕೂತು ಕೂತು ಆದ ಜಾಗ ಅದು. ಅವರ ವಯಸ್ಸಿನ ಗಂಡಸರಲ್ಲಿ ಮೀಸೆ ಇಲ್ಲದವರು ನಮ್ಮ ತಿಪಟೂರು ಸೀಮೆಯಲ್ಲಿ ಅಪರೂಪ. ಯಾರಾದರೂ ಕೇಳಿದರೆ, "ಮೀಸೆ ಬಿಟ್ರೆ ಗಾಳಿ ಸೀಳೋಯ್ತದೆ ಕಣಪ್ಪ" ಎಂದು ಆ ಗುರುತಿನ ಮೇಲೆ ಬೆರಳಾಡಿಸಿಕೊಳ್ಳುವರು.

ಅವರು ನೌಕರಿಯಲ್ಲಿದ್ದದ್ದು ಶಾಲೆಯಲ್ಲಲ್ಲ, ಪಶು ಆಸ್ಪತ್ರೆಯಲ್ಲಿ. ಕಾಂಪೌಂಡರ್. ಹುಳಿಯಾರಿನ ಆಚೆಯ ಹಟ್ಟಿಗಳಿಗೆ ಕುರಿಗಳಿಗೆ ಲಸಿಕೆ ಹಾಕಲು ಹೋಗುವಾಗ ಔಷಧಿಯ ಐಸು ಡಬ್ಬದ ಜೊತೆ ಬಟ್ಟೆಯಲ್ಲಿ ಸುತ್ತಿದ ಕೊಳಲೂ ಇರುತ್ತಿತ್ತು. ಅದನ್ನು ಕಂಡು ಹೊಸಬರೆಲ್ಲ ಕೃಷ್ಣನ ಮಾತೆತ್ತಿ ತಮಾಷೆ ಮಾಡುವರು. ಮೇಷ್ಟ್ರಿಗೆ ಆ ತಮಾಷೆ ಒಂದು ಚೂರೂ ಹಿಡಿಸುತ್ತಿರಲಿಲ್ಲ. "ನಾನು ಕುರಿಗೆ ಸೂಜಿ ಚುಚ್ಚೋನು ಕಣ್ರೀ. ನನ್ನ ಕಂಡ್ರೆ ಅವು ಓಡೋಯ್ತವೆ" ಎಂದು ಮುಖ ಗಂಟಿಕ್ಕುವರು.

ಭಾನುವಾರ ಮಾತ್ರ ಅವರು ಮೇಷ್ಟ್ರು. ಚಿಕ್ಕನಾಯಕನಹಳ್ಳಿಯಿಂದ ಬಸ್ಸು ಹಿಡಿದು ತಿಪಟೂರಿಗೆ ಬಂದು, ಒಂದು ಛತ್ರದ ಹಿಂದಿನ ಕೋಣೆಯಲ್ಲಿ ನಮಗೆಲ್ಲ ಪಾಠ ಹೇಳುತ್ತಿದ್ದರು. ನಾನು ಸೇರಿದಾಗ ನನಗಿನ್ನೂ ಬೆರಳು ರಂಧ್ರಕ್ಕೆ ಸರಿಯಾಗಿ ಎಟಕುತ್ತಿರಲಿಲ್ಲ. ಒಂದು ಮಳೆಗಾಲವೆಲ್ಲ ಬರೀ ಷಡ್ಜ ಊದಿಸಿದರು. ಊದಿ ಮುಗಿಸಿ ತಲೆ ಎತ್ತಿದರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಇನ್ನೊಂದ್ಸಲ." ಬೈಯುತ್ತಿರಲಿಲ್ಲ, ಹೊಗಳುತ್ತಿರಲಿಲ್ಲ. ಮನೆಗೆ ಹೋಗಿ ಅಳುತ್ತಿದ್ದೆ.

ನಾನು ದೊಡ್ಡ ಕೊಳಲುಗಾರ್ತಿಯೇನೂ ಆಗಲಿಲ್ಲ. ಆದರೆ ಸದ್ದಿನ ಹುಚ್ಚು ಹತ್ತಿತ್ತು. ಮೈಸೂರಿನಲ್ಲಿ ಧ್ವನಿಮುದ್ರಣದ ಕೋರ್ಸು ಮಾಡಿದೆ. ಮದುವೆಯಾಗಿ ತುರುವೇಕೆರೆ ರಸ್ತೆಯ ಈ ತೋಟದ ಮನೆಗೆ ಬಂದ ಮೇಲೆ, ಕಾಯಿ ಹಾಕುವ ಅಟ್ಟದ ಕೆಳಗಿದ್ದ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡೆ. ಗೋಡೆಗೆಲ್ಲ ತೆಂಗಿನ ನಾರಿನ ದಪ್ಪ ಚಾಪೆ ಬಡಿದೆವು. ತಲೆಯ ಮೇಲೆ ಕೊಬ್ಬರಿಯಾಗಲು ಬಿಟ್ಟ ಕಾಯಿಯ ರಾಶಿ ಇದ್ದದ್ದರಿಂದ ಹೊರಗಿನ ಸದ್ದು ಅಷ್ಟಾಗಿ ಇಳಿಯುತ್ತಿರಲಿಲ್ಲ. ಇಲಿ ಒಂದು ಕಾಯಿ ಉರುಳಿಸಿದಾಗ ಮಾತ್ರ ಮಾಡಿದ ಕೆಲಸವೆಲ್ಲ ಹಾಳು. ಭಜನೆಯವರು, ಶಾಲೆಯ ಮಕ್ಕಳು, ಎಣ್ಣೆ ಗಿರಣಿಯ ಜಾಹೀರಾತಿನವರು ಬರುತ್ತಿದ್ದರು. ಅವರ ಕೆಲಸಕ್ಕೆ ನನ್ನ ಹತ್ತಿರವಿದ್ದ ಸಣ್ಣ ಕರಿ ಪೆಟ್ಟಿಗೆ ಧಾರಾಳವಾಗಿ ಸಾಕಾಗಿತ್ತು.

ಈ ಪೆಟ್ಟಿಗೆ ಎಂದರೆ ಕನ್ವರ್ಟರ್. ಮೈಕು ಹಿಡಿದ ಸದ್ದನ್ನು ಕಂಪ್ಯೂಟರಿಗೆ ತಿಳಿಯುವ ಅಂಕೆಗಳನ್ನಾಗಿ ಮಾಡುವುದು, ಕೇಳುವಾಗ ಆ ಅಂಕೆಗಳನ್ನು ಮತ್ತೆ ಸದ್ದು ಮಾಡುವುದು, ಇಷ್ಟೇ ಅದರ ಕೆಲಸ. ಅಂಗೈಯಗಲದ್ದೂ ಇದೆ, ಬೀರುವಿನ ಖಾನೆ ತುಂಬುವಷ್ಟು ದೊಡ್ಡದೂ ಇದೆ. ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯೇ ಇಲ್ಲ. ಆ ಜಗಳ ನನ್ನ ಮನೆಗೂ ಬಂದದ್ದು ಮೇಷ್ಟ್ರಿಂದ.

ನಿವೃತ್ತಿಯಾಗಿ ಬಹಳ ವರ್ಷದ ಮೇಲೆ ಒಂದು ದಿನ ಅವರೇ ತೋಟಕ್ಕೆ ಬಂದರು. ಎಳನೀರು ಕುಡಿದು, ಬುರುಡೆಯನ್ನು ಪಕ್ಕಕ್ಕಿಟ್ಟು ಹೇಳಿದರು: "ನಮ್ಮ ಗುರುಗಳು ಊದಿದ್ದು ಒಂದು ಚೂರೂ ಉಳಿದಿಲ್ಲ ಕಣಮ್ಮ. ಅವ್ರ ಆನಂದಭೈರವಿ ಈಗ ಇರೋದು ನನ್ನ ಬಾಯಲ್ಲಿ ಮಾತ್ರ. ನೀನು ಹಿಡಿದಿಡು."

ನನಗೆ ಕಣ್ಣು ತುಂಬಿ ಬಂತು. ಇಂಥ ಕೆಲಸ ಸಿಗಬೇಕಲ್ಲ! ಅವರ ಗುರುಗಳ ದಾರಿಯಲ್ಲಿ ಉಸಿರೇ ಮುಖ್ಯ. ಬೇರೆಯವರು ಎರಡು ಮೂರು ಕಡೆ ನಿಲ್ಲಿಸಿ ಊದುವ ಸಾಲನ್ನು ಅವರು ಒಂದೇ ಉಸಿರಿನಲ್ಲಿ, ಕೆರೆಯ ಏರಿ ಮೇಲೆ ನಡೆದು ಹೋದಂತೆ, ಆ ತುದಿ ಮುಟ್ಟಿಸುತ್ತಿದ್ದರು. ಹಾಗೆ ಊದುವವರು ಮೇಷ್ಟ್ರೊಬ್ಬರೇ ಉಳಿದಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು.

ಮೊದಲ ದಿನ ಕರಿ ಪೆಟ್ಟಿಗೆಗೆ ಮೈಕು ಸಿಕ್ಕಿಸಿ ಕೂರಿಸಿದೆ. ರಾಗ ಶುರುಮಾಡಿ ಸ್ವಲ್ಪ ಹೊತ್ತಿಗೆ ಕೊಳಲು ಇಳಿಸಿದರು.

"ಎಲ್ಲಿ, ಕೇಳಿಸು."

ಕೇಳಿಸಿದೆ. ಕಣ್ಣು ಮುಚ್ಚಿ, ಸ್ಪೀಕರಿನ ಕಡೆ ಬಗ್ಗಿ ಕೇಳಿದರು. ಹಣೆಯಲ್ಲಿ ಗೆರೆಗಳು ಎದ್ದವು.

"ಸ್ವರ ಐತೆ. ಉಸಿರಿಲ್ಲ."

"ಅಂದ್ರೆ ಮೇಷ್ಟ್ರೇ?"

"ಕೊಳಲು ಅಂದ್ರೆ ಬರೀ ಸ್ವರ ಅಲ್ಲಮ್ಮ. ಬಿದಿರಿನ ಅಂಚಿಗೆ ಗಾಳಿ ತಾಕಿ ಸುಯ್ ಅಂತದಲ್ಲ, ಅದಿರ್ಬೇಕು. ಇದು ಹಾರ್ಮೋನಿಯಂ ಇದ್ದಂಗೈತೆ. ಈ ಪೆಟ್ಟಿಗೆ ಆಗಕ್ಕಿಲ್ಲ, ಬುಡು."

ಮೈಕು ಹತ್ತಿರ ಸರಿಸಿದೆ, ದೂರ ಸರಿಸಿದೆ, ತುಟಿಗೆ ನೇರ ಇಟ್ಟೆ, ಓರೆ ಇಟ್ಟೆ. ನನ್ನ ಕಿವಿಗೆ ಗಾಳಿಯ ಸದ್ದು ಸ್ಪಷ್ಟವಾಗಿತ್ತು, ಒಮ್ಮೊಮ್ಮೆ ಜಾಸ್ತಿಯೇ ಆಗಿತ್ತು. ಆದರೆ ಹೇಳುತ್ತಿರುವವರು ಯಾರು? ನನಗೆ ಷಡ್ಜ ಕಲಿಸಿದವರು. ನನ್ನ ಕಿವಿಯೇ ಸಾಲದೇನೋ ಎಂದುಕೊಂಡೆ. ರಾತ್ರಿ ಅಡುಗೆ ಮುಗಿಸಿ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಪ್ರಪಂಚದವರೆಲ್ಲ ಇದನ್ನೇ ಮಾತಾಡುತ್ತಿದ್ದರು. ಅಗ್ಗದ ಪೆಟ್ಟಿಗೆಯಲ್ಲಿ ಗಾಳಿ ಇರುವುದಿಲ್ಲ, ಇಂಥದ್ದರಲ್ಲಿ ಗಾಳಿ ಆಡುತ್ತದೆ, ಅಂಥದ್ದರಲ್ಲಿ ಸದ್ದಿಗೆ ಜೀವವಿದೆ. ಮೇಷ್ಟ್ರು ಹೇಳಿದ್ದೂ ಅದೇ ತಾನೇ? ಒಬ್ಬ ಹೊಗಳಿದ್ದನ್ನು ಮತ್ತೊಬ್ಬ ಹಳಿಯುತ್ತಿದ್ದ. ಓದಿದಷ್ಟೂ ತಲೆ ಕೆಟ್ಟಿತು.

ತುಮಕೂರಿನ ಸ್ನೇಹಿತೆಯ ಸ್ಟುಡಿಯೋದಿಂದ ಅವಳ ಪೆಟ್ಟಿಗೆಯನ್ನು ಎರವಲು ತಂದೆ. ಮೇಷ್ಟ್ರು ಬಂದರು, ಊದಿದರು, ಅರ್ಧಕ್ಕೆ ನಿಲ್ಲಿಸಿ ಕೇಳಿದರು. "ಇಲ್ಲ. ಮಂಕು." ಬೇರೊಂದನ್ನು ತರಿಸಿದೆ. ಅದಕ್ಕೆ ಬೋರಿನ ಮೋಟರು ಶುರುವಾದೊಡನೆ ಗುಂಯ್ ಎನ್ನುವ ಕಾಯಿಲೆ. ನನ್ನ ಗಂಡ ಪಾಪ, ಮೇಷ್ಟ್ರು ಬರುವ ದಿನ ತೋಟಕ್ಕೆ ನೀರು ಹಾಯಿಸುವುದನ್ನೇ ನಿಲ್ಲಿಸಿದ. "ಸಸಿ ಒಣಗ್ತಾವೆ ಕಣೇ. ನಿಮ್ಮ ಮೇಷ್ಟ್ರ ಉಸಿರು ಸಿಗೋ ಹೊತ್ತಿಗೆ ನಮ್ಮುಸಿರು ಹೋಗ್ತದೆ" ಎಂದು ಗೊಣಗಿದ. ಅಷ್ಟು ಮಾಡಿಯೂ ಮೇಷ್ಟ್ರದ್ದು ಅದೇ ಮಾತು. ಅದನ್ನು ವಾಪಸು ಕಳಿಸಿದೆ. ಬೆಂಗಳೂರಿನ ಒಂದು ಅಂಗಡಿಗೆ ಹೋಗಿ, ಅವರ ಕೈಕಾಲು ಹಿಡಿದು, ನಾಲ್ಕು ದಿನ ನೋಡಿ ವಾಪಸು ಕೊಡುತ್ತೇನೆಂದು ದೊಡ್ಡ ಸ್ಟುಡಿಯೋದವರು ಇಡುವಂಥದ್ದನ್ನೇ ಮಡಿಲಲ್ಲಿ ಕೂರಿಸಿಕೊಂಡು ರೈಲಿನಲ್ಲಿ ತಂದೆ. ನನಗೆ ಅದಕ್ಕೂ ಕರಿ ಪೆಟ್ಟಿಗೆಗೂ ಕೂದಲೆಳೆಯ ವ್ಯತ್ಯಾಸ ಕಂಡಿತು. ಮೇಷ್ಟ್ರಿಗೆ ಅದೂ ಕಾಣಲಿಲ್ಲ.

ಹೀಗೇ ಒಂದು ವರ್ಷ ಕಳೆಯಿತು, ಎರಡನೆಯದೂ ಸರಿಯಿತು. ನಡುವೆ ಅವರ ಮೊಣಕಾಲು ನೋವು, ನಮ್ಮ ತೋಟದ ಕಾಯಿ ಕೆಡಹುವ ಕೆಲಸ, ನನ್ನ ಮಗಳ ಪರೀಕ್ಷೆ. ಬಂದ ದಿನವೆಲ್ಲ ಅರ್ಧ ಊದುವುದು, ಕೇಳುವುದು, ತಲೆ ಅಲ್ಲಾಡಿಸುವುದು. ಒಂದೇ ಒಂದು ಸಲ, "ಮೇಷ್ಟ್ರೇ, ಇರೋದ್ರಲ್ಲೇ ಪೂರ್ತಿ ಒಂದು ಊದಿಬಿಡಿ, ಆಮೇಲೆ ನೋಡೋಣ" ಎಂದೆ.

"ನನ್ನ ಚಿಕ್ಕಪ್ಪನ ಮಗ ಹಂಗೇ ಅಂದು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದ. ಕೇಳಿದ್ರೆ ಕುಕ್ಕರ್ ಕೂಗಿದಂಗಿತ್ತು. ನೆಂಟರೆಲ್ಲ ನಕ್ರು" ಎಂದರು. ಆ ನಗು ಅವರಿಗೆ ಇನ್ನೂ ಕೇಳಿಸುತ್ತಿತ್ತೆಂದು ಕಾಣುತ್ತದೆ. ಮತ್ತೆ ನಾನು ಒತ್ತಾಯಿಸಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ. ಬೆಂಗಳೂರಿನ ಪೆಟ್ಟಿಗೆಯಲ್ಲಿ ಹಿಡಿದದ್ದನ್ನು ಮತ್ತೆ ಕೇಳಿಸುತ್ತಿದ್ದೆ. ಕರೆಂಟು ಹೋಯಿತು. ಫ್ಯಾನು ನಿಂತಿತು. ಕಂಪ್ಯೂಟರು ಯುಪಿಎಸ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರಿಂದ ಕೊಳಲು ನಿಲ್ಲಲಿಲ್ಲ. ಆದರೆ ಆ ಬ್ಯಾಟರಿಗೆ ಕರೆಂಟು ಹೋದೊಡನೆ ಕೀಂ ಕೀಂ ಎಂದು ಚೀರುವ ಅಭ್ಯಾಸ. ಅದು ಇದ್ದದ್ದು ಮೇಷ್ಟ್ರ ಕಾಲಿನ ಪಕ್ಕದಲ್ಲೇ. ನಾನು ಕಿವಿ ಮುಚ್ಚಿಕೊಂಡು ಅದರ ಬಾಯಿ ಮುಚ್ಚಿಸಲು ಎದ್ದೆ.

ಮೇಷ್ಟ್ರು ಕಣ್ಣು ಮುಚ್ಚಿಯೇ ಇದ್ದರು. ಮುಖ ಶಾಂತವಾಗಿತ್ತು. "ಫ್ಯಾನು ನಿಂತಿದ್ದು ಒಳ್ಳೇದಾಯ್ತು ನೋಡು. ಕೊಳಲು ಬಿಟ್ರೆ ಒಂಚೂರೂ ಸದ್ದಿಲ್ಲ ಈಗ" ಎಂದರು.

ನಾನು ಬಗ್ಗಿದವಳು ಹಾಗೇ ನಿಂತೆ. ಅದು ಚೀರುತ್ತಲೇ ಇತ್ತು. ಮೇಷ್ಟ್ರು ಕೈಬೆರಳಲ್ಲಿ ತಾಳ ಹಾಕುತ್ತಾ ಕೇಳುತ್ತಿದ್ದರು. ಆಮೇಲೆ ತಲೆ ಅಲ್ಲಾಡಿಸಿ, "ಇಲ್ಲ ಕಣಮ್ಮ. ಇದ್ರಲ್ಲೂ ಉಸಿರಿಲ್ಲ" ಎಂದರು.

ಎರಡು ವರ್ಷದ ಗಂಟು ಆ ಕ್ಷಣಕ್ಕೆ ಬಿಚ್ಚಿಕೊಂಡಿತು. ವಯಸ್ಸಾದವರ ಕಿವಿಯಲ್ಲಿ ಮೊದಲು ಸಾಯುವುದು ತೆಳ್ಳನೆಯ, ಎತ್ತರದ ಸದ್ದುಗಳು. ಕೊಳಲಿನ ಸುಯ್ಯೂ ಅಂಥದ್ದೇ. ತಾವೇ ಊದುವಾಗ ಗಾಳಿ ತುಟಿಗೆ ತಾಕುತ್ತದೆ, ಬೆರಳಿಗೆ ತಾಕುತ್ತದೆ. ಹಾಗಾಗಿ ಅದು ಕಿವಿಗೂ ಬಿತ್ತು ಎಂದೇ ಅವರು ತಿಳಿದಿದ್ದರು. ಸ್ಪೀಕರಿನಿಂದ ಕೇಳುವಾಗ ತುಟಿಗೆ ಏನೂ ತಾಕುವುದಿಲ್ಲ. ಯಾವ ಪೆಟ್ಟಿಗೆ ತಂದರೂ ತಾಕುವುದಿಲ್ಲ.

ಅಂದು ಅವರನ್ನು ಹಾಗೇ ಬಸ್ಸಿಗೆ ಕಳಿಸಿದೆ. ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ಮೈಸೂರಿನ ಯಾರೋ ಹೇಳಿದ ಮತ್ತೊಂದು ಪೆಟ್ಟಿಗೆಯ ಹೆಸರು ಬರೆದ ಚೀಟಿಯಿತ್ತು. "ಇದು ತರ್ಸು. ಇದ್ರಲ್ಲಿ ಬರ್ತದಂತೆ."

ನನಗೆ ಎಲ್ಲಿತ್ತೋ ಸಿಟ್ಟು. "ಪೆಟ್ಟಿಗೆಗೆ ಏನೂ ಆಗಿಲ್ಲ ಮೇಷ್ಟ್ರೇ. ಒಂದಕ್ಕೂ ಆಗಿರ್ಲಿಲ್ಲ. ಆಗಿರೋದು ನಿಮ್ಮ ಕಿವಿಗೆ" ಎಂದೆ. ಯುಪಿಎಸ್ ಚೀರಿದ್ದನ್ನೂ ಹೇಳಿದೆ.

ಅವರು ನನ್ನನ್ನು ನೋಡಲಿಲ್ಲ. ಕೊಳಲನ್ನು ಬಟ್ಟೆಯಲ್ಲಿ ಸುತ್ತಿದರು. ಸುತ್ತಿದ್ದು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದರು. "ಬತ್ತೀನಿ" ಎಂದರು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ನನ್ನ ಗಂಡ ಬೈಕು ತೆಗೆದರೆ ಕೈಯಲ್ಲೇ ಬೇಡವೆಂದು ತೋಟದ ದಾರಿಯಲ್ಲಿ ನಡೆದುಬಿಟ್ಟರು.

ಅವರು ಬರಲಿಲ್ಲ. ಫೋನೂ ಎತ್ತಲಿಲ್ಲ. ದೀಪಾವಳಿ ಕಳೆದ ಮೇಲೆ ತಡೆಯಲಾರದೆ ಚಿಕ್ಕನಾಯಕನಹಳ್ಳಿಗೆ ಹೋದೆ. ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುವುದು. ಬಾಗಿಲಲ್ಲೇ ಅವರು ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸದೆ ಹೇಳಿದರು: "ನಾನೂ ಎಷ್ಟು ಸಲ ಹೇಳಿದ್ದೆ ಕಣೇ. ಟೀವಿ ಬೀದಿಗೆಲ್ಲ ಕೇಳಂಗೆ ಇಡ್ತಾರೆ. ನನ್ನ ಮಾತು ಯಾರು ಕೇಳ್ತಾರೆ? ನೀನು ಹೇಳಿದ್ಮೇಲೆ ತುಮಕೂರಿನ ಕಿವಿ ಡಾಕ್ಟರ ಹತ್ರ ಹೋದ್ರು. ಮಿಷನ್ನು ಕೊಟ್ಟವ್ರೆ. ಹಾಕ್ಕೊಂಡು ಕೊಳಲು ಊದಿದ್ರಂತೆ, ತಗಡು ಬಡಿದಂಗೆ ಕೇಳ್ತಂತೆ. ಬಿಚ್ಚಿಟ್ಟವ್ರೆ. ಅವತ್ತಿಂದ ಕೊಳಲೂ ಮುಟ್ಟಿಲ್ಲ."

ಮೇಷ್ಟ್ರು ಒಳಗೆ ಮಲಗಿದ್ದರು, ಅಥವಾ ಮಲಗಿದಂತೆ ಇದ್ದರು. ಎರಡು ಲೋಟ ಕಾಫಿ ಕುಡಿದು ಕಾದೆ. ಹೊರಗೆ ಬರಲಿಲ್ಲ. ವಾಪಸು ಬಸ್ಸಿನಲ್ಲಿ ಕೂತು ನನಗೆ ಅಳು ಬರಲಿಲ್ಲ, ಉರಿಯಿತು. ಈ ಮನುಷ್ಯನಿಗೆ ಇಷ್ಟು ಹಟವೇಕೆ? ಕಿವಿ ಹೋದರೆ ಹೋಯಿತು, ಬಾಯಿ ಇದೆಯಲ್ಲ! ಆ ಆನಂದಭೈರವಿ ಅವರೊಬ್ಬರ ಆಸ್ತಿಯೇ?

ಸಂಕ್ರಾಂತಿಯ ಮುಂಚೆ ಒಂದು ಬೆಳಿಗ್ಗೆ ಅಂಗಳದಲ್ಲಿ ಕಾಯಿ ಸುಲಿಯುವವರ ಜೊತೆ ನಿಂತಿದ್ದೆ. ಗೇಟಿನ ಹತ್ತಿರ ಮೇಷ್ಟ್ರು. ಮೊದಲಿಗಿಂತ ಬಡವಾಗಿದ್ದರು. ಕುಶಲ ಕೇಳಲಿಲ್ಲ, ನೀರೂ ಕುಡಿಯಲಿಲ್ಲ.

"ಆ ಮೊದಲ್ನೇ ಪೆಟ್ಟಿಗೆ ಐತಾ?"

"ಕರೀದಾ? ಇದೆ ಮೇಷ್ಟ್ರೇ."

"ಅದನ್ನೇ ಹಾಕು. ನಾನು ಊದ್ತೀನಿ. ಕೇಳೋ ಕೆಲ್ಸ ನಿಂದು. ನನಗೆ ಕೇಳಿಸ್ಬೇಡ. ನೀನು ಸರಿ ಅಂದ್ರೆ ಸರಿ, ಇನ್ನೊಂದ್ಸಲ ಅಂದ್ರೆ ಇನ್ನೊಂದ್ಸಲ." ಮತ್ತೆ ಸೇರಿಸಿದರು: "ಮುಲಾಜು ನೋಡಿ ಸುಳ್ಳು ಹೇಳಿದ್ರೆ ನನಗೆ ಗೊತ್ತಾಯ್ತದೆ."

ಸುಲಿಯುವವರಿಗೆ ಅಂದಿನ ಕೆಲಸ ನಿಲ್ಲಿಸಿ ಎಂದೆ. ಮೋಟರು ನಿಲ್ಲಿಸಿದೆವು. ಮೇಷ್ಟ್ರು ನಾರಿನ ಚಾಪೆಗೆ ಬೆನ್ನು ಕೊಟ್ಟು ಕೂತು ಆನಂದಭೈರವಿ ಎತ್ತಿಕೊಂಡರು.

ಅಂದೇ ನನಗೆ ಎಲ್ಲಕ್ಕಿಂತ ಕೆಟ್ಟ ಸಂಗತಿ ತಿಳಿದದ್ದು. ಆ ಉದ್ದನೆಯ ಸಾಲು ಬಂತು. ಅರ್ಧ ದಾರಿಗೆ ಮೇಷ್ಟ್ರಿಗೆ ಉಸಿರು ಸಾಲಲಿಲ್ಲ. ನಡುವೆಯೇ ಕಡಿದು, ಗಕ್ಕನೆ ಗಾಳಿ ಎಳೆದುಕೊಂಡು ಮುಂದುವರಿದರು. ಮುಗಿಸಿ ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಛತ್ರದ ಕೋಣೆಯಲ್ಲಿ ಕೂತ ಮಕ್ಕಳ ಅಂಜಿಕೆ ಇತ್ತು.

ಸರಿ ಎಂದುಬಿಡಲೇ? ನಾಲಿಗೆ ತುದಿಗೆ ಬಂತು. ಆದರೆ ಅವರು ಸುಳ್ಳು ಕೇಳಿಸಿಕೊಳ್ಳಲು ಅಷ್ಟು ದೂರದಿಂದ ಬಸ್ಸು ಹತ್ತಿ ಬಂದಿರಲಿಲ್ಲ.

"ಇನ್ನೊಂದ್ಸಲ" ಎಂದೆ.

ಊದಿದರು. ಮತ್ತೆ ಅದೇ ಜಾಗದಲ್ಲಿ ಕಡಿಯಿತು. ಇನ್ನೊಂದು ಸಲ. ಮತ್ತೊಂದು ಸಲ. ನನ್ನ ಗಂಡ ಬಾಗಿಲ ಗಾಜಿನಿಂದ, ಸಾಕು ಬಿಡೇ ಎಂಬಂತೆ ಕೈ ಮಾಡಿದ. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಪೆಟ್ಟಿಗೆಯ ಮುಂದೆ ಅಲ್ಲಿಯವರೆಗೆ ಊದಿದ್ದರೆ ಈ ಸಾಲು ಒಂದೇ ಉಸಿರಿನಲ್ಲಿ ಹೋಗುತ್ತಿತ್ತು. ಆ ಹಳೆಯ ತುಣುಕುಗಳೆಲ್ಲ ನನ್ನ ಹತ್ತಿರ ಇದ್ದವು. ಒಂದಾದರೂ ಪೂರ್ತಿ ಇರಲಿಲ್ಲ. ಪ್ರತಿಯೊಂದರಲ್ಲೂ ಅರ್ಧಂಬರ್ಧ ರಾಗ, ಆಮೇಲೆ "ಎಲ್ಲಿ, ಕೇಳಿಸು" ಎಂಬ ಮೇಷ್ಟ್ರ ಮಾತು. ಪೆಟ್ಟಿಗೆಯಲ್ಲಿ ಉಸಿರು ಹುಡುಕುತ್ತಾ ನಾವಿಬ್ಬರೂ ಕೂತಿದ್ದೆವು, ಉಸಿರು ಅವರ ಎದೆಯಿಂದಲೇ ಇಳಿದುಹೋಗುತ್ತಿತ್ತು.

ಮೇಷ್ಟ್ರು ಕೊಳಲನ್ನು ತೊಡೆಯ ಮೇಲಿಟ್ಟುಕೊಂಡರು. ಬೆರಳುಗಳು ಮಾತ್ರ ಕೊಳಲಿನ ಮೇಲೆ ಸದ್ದಿಲ್ಲದೆ ಆಡುತ್ತಿದ್ದವು.

"ಗುರುಗಳು ಊದಿದಂಗೆ ಇನ್ನು ಆಗಕ್ಕಿಲ್ಲ ಕಣಮ್ಮ" ಎಂದರು. "ಆ ಸಾಲು ಎರಡು ಮಾಡ್ತೀನಿ. ಗಾಂಧಾರದ ಮೇಲೆ ಇಳಿದು, ಕೂತು, ಎದ್ದು ಹೋಗ್ತೀನಿ. ಕೇಳು, ಚೆಂದ ಇಲ್ದಿದ್ರೆ ಹೇಳು."

ಊದಿದರು. ಗುರುಗಳು ಕಟ್ಟಿದ ದಾರಿಯನ್ನು ನಡುವೆ ಮುರಿದು, ಅಲ್ಲೊಂದು ಜಗಲಿ ಕಟ್ಟಿ, ದಣಿದವನು ಕೂತೆದ್ದು ಹೋಗುವಂತೆ ಮಾಡಿದ್ದರು. ಅದು ಗುರುಗಳದ್ದಲ್ಲ, ಮೇಷ್ಟ್ರದ್ದು. ಚೆನ್ನಾಗಿತ್ತು. ನನಗೆ ಬೇಕಾಗಿದ್ದದ್ದು ಅದಲ್ಲ ಎಂಬ ಸಂಕಟವೂ ಹೋಗಲಿಲ್ಲ.

"ಸರಿ" ಎಂದೆ.

"ಸರೀನಾ?"

"ಸರಿ ಮೇಷ್ಟ್ರೇ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಂಬಿಕೆ ಬಂದ ಮೇಲೆ ಮುಂದಿನ ರಾಗಕ್ಕೆ ಕೊಳಲು ಎತ್ತಿದರು. ಬೇಸಿಗೆ ಮುಗಿಯುವವರೆಗೆ ಹೀಗೇ ಬಂದು ಹೋದರು. ಮೋಹನ, ಬೇಹಾಗ್, ಕೆಲವು ದೇವರನಾಮಗಳು. ಯಾವುದನ್ನೂ ಕೇಳಲಿಲ್ಲ. ಒಂದು ದಿನ ಕೆಲಸ ಮುಗಿದ ಮೇಲೆ ನಾನೇ ತಡೆಯಲಾರದೆ, "ಒಂದ್ಸಲ ಕೇಳಿ ಮೇಷ್ಟ್ರೇ" ಎಂದೆ. "ನೀನು ಕೇಳಿದ್ದೀಯಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಅದರ ಮುಂದಿನ ಮಳೆಗಾಲದಲ್ಲಿ ಅವರು ಹೋದರು. ಬೆಳಿಗ್ಗೆ ಎದ್ದು ಮುಖ ತೊಳೆದು, ಕಾಫಿಗೆ ಕಾಯುತ್ತಾ ಪಡಸಾಲೆಯ ಕುರ್ಚಿಯಲ್ಲಿ ಕೂತವರು ಹಾಗೇ ಒರಗಿದ್ದರಂತೆ. ನಾನು ಹೋಗುವ ಹೊತ್ತಿಗೆ ಮಲಗಿಸಿದ್ದರು. ಮುಖದಲ್ಲಿ ಬೇರೆಲ್ಲ ಬದಲಾಗಿತ್ತು, ತುಟಿಯ ಮೇಲಿನ ಆ ಗುರುತು ಬದಲಾಗಿರಲಿಲ್ಲ.

ತಿಥಿಯೆಲ್ಲ ಮುಗಿದು, ನೆಂಟರು ಹೊರಟ ಮೇಲೆ ಒಂದು ಸಣ್ಣ ಸ್ಪೀಕರಿನಲ್ಲಿ ಹಿಡಿದಿಟ್ಟದ್ದೆಲ್ಲವನ್ನೂ ತುಂಬಿಕೊಂಡು ಮೇಷ್ಟ್ರ ಮನೆಗೆ ಹೋದೆ. ವಾರಗಟ್ಟಲೆ ಕೂತು ಸದ್ದು ಸೋಸಿದ್ದೆ. ಇಲಿ ಉರುಳಿಸಿದ ಕಾಯಿ, ಚಾಪೆಯ ಸರಸರ, ದೂರದ ಟ್ರ್ಯಾಕ್ಟರು, ಒಂದೂ ಉಳಿದಿರಲಿಲ್ಲ. ಆನಂದಭೈರವಿ ಹಾಕಿದೆ. ಮೇಷ್ಟ್ರು ಊದುವಾಗ ಒಮ್ಮೆಯೂ ಅಡುಗೆಮನೆ ಬಿಟ್ಟು ಬಂದು ಕೂತವರಲ್ಲ ಅಮ್ಮ. ಇಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೆಲದ ಮೇಲೆ, ಸ್ಪೀಕರಿಗೆ ಎದುರಾಗಿ ಕೂತರು. ಮುಗಿಯುವವರೆಗೂ ಕದಲಲಿಲ್ಲ.

ಮುಗಿದ ಮೇಲೂ ಕಾಯುತ್ತಲೇ ಇದ್ದರು.

"ಆಯ್ತಮ್ಮ, ಅಷ್ಟೇ" ಎಂದೆ.

"ಊದಿ ಆದ್ಮೇಲೆ ಒಂದ್ಸಲ ಕೆಮ್ಮಿ ಗಂಟಲು ಸರಿಮಾಡ್ಕೊಳ್ಳೋರು. ಯಾವಾಗ್ಲೂ. ಒಳಗಿಂದ ಅದು ಕೇಳಿದ್ಮೇಲೇ ನಾನು ತಟ್ಟೆ ಹಾಕ್ತಿದ್ದೆ" ಎಂದರು. "ಅದ್ಯಾಕೇ ಇಲ್ಲ?"

ಅದನ್ನು ನಾನೇ ತೆಗೆದಿದ್ದೆ. ಪ್ರತಿ ರಾಗದ ಕೊನೆಯಲ್ಲೂ ಇತ್ತು, ಪ್ರತಿಯೊಂದನ್ನೂ ಕತ್ತರಿಸಿ ಬಿಸಾಕಿದ್ದೆ. ಅಷ್ಟು ಸೂಕ್ಷ್ಮ ನನ್ನ ಕಿವಿ.

ಮನೆಗೆ ಬಂದು ಸೋಸದ ಮೂಲ ಪ್ರತಿಗಳನ್ನು ಹುಡುಕಿ ತೆಗೆದೆ. ಪುಣ್ಯಕ್ಕೆ ಅಳಿಸಿರಲಿಲ್ಲ. ಅಮ್ಮನಿಗೆ ಅವನ್ನೇ ಕೊಟ್ಟುಬಂದೆ. ನಾನು ಚಪ್ಪಲಿ ಮೆಟ್ಟಿ ಬೀದಿಗಿಳಿಯುವಾಗ ಒಳಗೆ ಆನಂದಭೈರವಿಯ ಕೊನೆ ಬಂದಿತ್ತು. ಸ್ವರ ನಿಂತಿತು. ಮೇಷ್ಟ್ರು ಕೆಮ್ಮಿದರು. ಅಮ್ಮನಿಗೆ ಹಿಂದಕ್ಕೆ ಓಡಿಸುವುದು ಹೇಗೆಂದು ತೋರಿಸಿಕೊಟ್ಟಿದ್ದೆ. ಅವರು ಓಡಿಸಿದರು. ಮೇಷ್ಟ್ರು ಮತ್ತೆ ಕೆಮ್ಮಿದರು.